ಸೂಜಿಗೆ ಹೆದರುವವರ ಸಿದ್ಧಾಂತಗಳು

ಈ ವರ್ಷದ ರಕ್ತದಾನ ಶಿಬಿರವನ್ನು ಆಗಸ್ಟ್ 15ರ ಬದಲು ಏಪ್ರಿಲ್ ಕೊನೆಯ ಭಾನುವಾರ ಇಟ್ಟುಕೊಳ್ಳೋಣ ಎಂದು ನಾವು ಕೆಲವರು ಮುಂಬೈಯ ನಮ್ಮ ಸಂಘದ ಸಭೆಯಲ್ಲಿ ಹೇಳಿದ್ದೇ ತಡ, ಆಕ್ಷೇಪಗಳು ಸಾಲುಗಟ್ಟಿದವು. ದಿನಾಂಕದ ಬಗ್ಗೆ ತಕರಾರು ಬರಬಹುದು ಅಂದುಕೊಂಡಿದ್ದೆವು. ಬಂದದ್ದು ಶಿಬಿರವೇ ಯಾಕೆ ಎಂಬ ತಕರಾರು. ಎದ್ದು ನಿಂತವರಲ್ಲಿ ಹೋಟೆಲ್ ನಡೆಸುವ ಹಿರಿಯರಿದ್ದರು, ಬ್ಯಾಂಕಿನಿಂದ ನಿವೃತ್ತರಾದವರಿದ್ದರು, ಪೊವಾಯಿಯ ಕಚೇರಿಗಳಲ್ಲಿ ದುಡಿಯುವ ಹುಡುಗರೂ ಇದ್ದರು. ಒಬ್ಬೊಬ್ಬರದು ಒಂದೊಂದು ವಾದ. ಕೆಲವು ಗಟ್ಟಿ, ಕೆಲವು ಟೊಳ್ಳು. ಒಂದು ಮಾತನ್ನು ಮಾತ್ರ ಯಾರೂ ಆಡಲಿಲ್ಲ: “ನನಗೆ ಸೂಜಿ ಅಂದರೆ ಭಯ.” ಸಭೆ ಮುಗಿದು ಚಹಾ ಕುಡಿಯುವಾಗ ಅವರಲ್ಲೇ ಇಬ್ಬರು ಮೂವರು ಪಕ್ಕಕ್ಕೆ ಕರೆದು ಅದನ್ನೇ ಹೇಳಿದರು. ಹಾಗಾಗಿ ಈ ಉತ್ತರ ಸಭೆಯಲ್ಲಿ ಆಡಿದ ಮಾತಿಗೂ ಹೌದು, ಚಹಾದ ಹೊತ್ತಿನ ಪಿಸುಮಾತಿಗೂ ಹೌದು.

ಮೊದಲು ಏಪ್ರಿಲ್ ಯಾಕೆ ಎಂಬುದು. ಮುಂಬೈಯ ರಕ್ತನಿಧಿಗಳಿಗೆ ಪ್ರತಿವರ್ಷ ಬೇಸಿಗೆಯೇ ಬರಗಾಲ. ಕಾಲೇಜುಗಳಿಗೆ ರಜೆ, ಕಚೇರಿಗಳಲ್ಲಿ ಅರ್ಧ ಜನ ರಜೆ. ನಾವಂತೂ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವ ಕಾಲ: ಮದುವೆ, ಬ್ರಹ್ಮಕಲಶ, ನೇಮ. ನಮ್ಮ ಜೊತೆ ಹೆರಿಗೆಗಳು, ರೈಲು ಅಪಘಾತಗಳು, ಕ್ಯಾನ್ಸರ್ ಚಿಕಿತ್ಸೆಗಳು ಊರಿಗೆ ಹೋಗುವುದಿಲ್ಲ. ಆಗಸ್ಟ್ 15ಕ್ಕಾದರೆ ಗಲ್ಲಿಗೊಂದು ಶಿಬಿರ. ಅಲ್ಲಿ ನಮ್ಮದೂ ಒಂದು ಸೇರಿದರೆ ಬ್ಯಾನರಿಗೆ ಶೋಭೆ, ಅಷ್ಟೆ. ಏಪ್ರಿಲ್ ಕೊನೆಗೆ ಕೊಟ್ಟ ಗಂಡಸು ತೊಂಬತ್ತು ದಿನ ಕಳೆದು ಆಗಸ್ಟ್ 15ಕ್ಕೆ ಮತ್ತೆ ಕೊಡಲೂಬಹುದು. ಹೆಂಗಸರಿಗೆ ಅಂತರ ನೂರಿಪ್ಪತ್ತು ದಿನ. ಅವರು ಆಗಸ್ಟ್ ಮುಗಿಯುವವರೆಗೆ ಕಾಯಬೇಕು.

ಈಗ ವಾದಗಳಿಗೆ. ಅತಿ ಜೋರಾಗಿ ಕೇಳಿದ್ದು ಇದು: “ನಾವು ಪುಕ್ಕಟೆ ಕೊಟ್ಟದ್ದನ್ನು ಆಸ್ಪತ್ರೆಯವರು ಮಾರಿಕೊಳ್ಳುತ್ತಾರೆ. ದಾನ ನಮ್ಮದು, ದುಡ್ಡು ಅವರದು.” ಹೇಳಿದವರು ಲೆಕ್ಕ ಬಲ್ಲವರು, ಆದ್ದರಿಂದ ಲೆಕ್ಕದಲ್ಲೇ ಉತ್ತರಿಸುತ್ತೇನೆ. ತೋಳಿನಿಂದ ಇಳಿದ ರಕ್ತ ನೇರ ರೋಗಿಗೆ ಏರುವುದಿಲ್ಲ. ಪ್ರತಿ ಚೀಲದ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂದು ಐದು ಪರೀಕ್ಷೆಗೆ ಒಡ್ಡಬೇಕೆಂಬುದು ಕಾನೂನು. ಆಮೇಲೆ ಅದನ್ನು ಗಿರಗಿರ ತಿರುಗಿಸಿ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರೆ ಮಾಡಬೇಕು. ಮೂರನ್ನೂ ಮೂರು ಬೇರೆ ಉಷ್ಣತೆಯಲ್ಲಿ ಕಾಪಾಡಬೇಕು. ರೋಗಿಯ ರಕ್ತದೊಂದಿಗೆ ತಾಳೆ ನೋಡಬೇಕು. ಇದಕ್ಕೆ ತಗಲುವ ವೆಚ್ಚವನ್ನು ಮಾತ್ರ ಪಡೆಯಬಹುದು, ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ ಎಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್ ಕೊನೆಗೆ ಎಲ್ಲ ರಾಜ್ಯಗಳಿಗೆ ಬರೆಯಿತು. ಆಗಿನ ಮಿತಿ ಕೆಂಪುಕಣದ ಚೀಲಕ್ಕೆ 1,550 ರೂಪಾಯಿ, ಪ್ಲಾಸ್ಮಾ ಅಥವಾ ಪ್ಲೇಟ್‌ಲೆಟ್ ಚೀಲಕ್ಕೆ 400. ಅದಕ್ಕಿಂತ ಹೆಚ್ಚು ಕೇಳುವವರು ಇಲ್ಲವೇ? ಇದ್ದಾರೆ, ಆ ಕಾಗದ ಬರೆಯಬೇಕಾಗಿ ಬಂದದ್ದೇ ಅವರಿಂದ. ಬಿಲ್ಲು ಹಿಡಿದು ದೂರು ಕೊಡಿ, ನಾನೂ ಜೊತೆಗೆ ಬರುತ್ತೇನೆ. ಆದರೆ ಹೆಚ್ಚು ಬಿಲ್ಲು ಮಾಡಿದವನ ಮೇಲಿನ ಸಿಟ್ಟನ್ನು ಚೀಲಕ್ಕಾಗಿ ಕಾದು ಮಲಗಿದವನ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ?

ನಿಜವಾಗಿ ಮಾರುತ್ತಿದ್ದ ಕಾಲವೂ ಇತ್ತು, ನಮ್ಮ ಹಿರಿಯರಿಗೆ ನೆನಪಿರಬೇಕು. ಹಸಿದವನು, ಚಟ ಹತ್ತಿದವನು ಬಾಟಲಿಗಿಷ್ಟು ಎಂದು ದಲ್ಲಾಳಿಯ ಮೂಲಕ ರಕ್ತ ಮಾರಿ ಹೋಗುತ್ತಿದ್ದ. ಎಚ್‌. ಡಿ. ಶೌರಿಯವರ ‘ಕಾಮನ್ ಕಾಸ್’ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು; 1996ರಲ್ಲಿ ತೀರ್ಪು ಬಂತು; 1998ರ ಜನವರಿ 1ರಿಂದ ಹಣ ಪಡೆದು ರಕ್ತ ಕೊಡುವುದು ನಿಷಿದ್ಧವಾಯಿತು. ಇದೇ ಮುಂಬೈಯಲ್ಲಿ ಲೀಲಾ ಮೂಳಗಾಂವ್‌ಕರ್ 1954ರಲ್ಲೇ ಸ್ವಯಂಪ್ರೇರಿತ ರಕ್ತದಾನದ ಶಿಬಿರಗಳನ್ನು ಆರಂಭಿಸಿದ್ದರು. ಕೊಡುವವರು ಹಿಂದೆ ಸರಿದರೆ ತೆರವಾದ ಜಾಗಕ್ಕೆ ಬರುವವನು ಆ ಹಳೆಯ ದಲ್ಲಾಳಿಯೇ. ಆಸ್ಪತ್ರೆಗಳ ಗೇಟಿನ ಬಳಿ ಅವನ ಸಂತತಿ ಇನ್ನೂ ಪೂರ್ತಿ ಅಳಿದಿಲ್ಲ.

“ಹೋಟೆಲಿನ ಹುಡುಗರು ಬೆಳಗ್ಗೆ ನಾಲ್ಕಕ್ಕೆ ಎದ್ದು ದುಡಿಯುವವರು, ಅವರ ರಕ್ತ ತೆಗೆದರೆ ನಿಲ್ಲುವ ಶಕ್ತಿಯೂ ಉಳಿಯದು” ಎಂದವರ ಕಾಳಜಿಗೆ ಗೌರವವಿದೆ. ಆ ಕಾಳಜಿ ಸಂಬಳದ ದಿನವೂ ಕಂಡರೆ ಇನ್ನೂ ಗೌರವ. ಅರವತ್ತು ಕಿಲೋ ತೂಕದವನಲ್ಲಿ ಸುಮಾರು ನಾಲ್ಕು ಲೀಟರಿಗೂ ಮಿಕ್ಕಿ ರಕ್ತ ಇರುತ್ತದೆ. ತೆಗೆಯುವುದು 350 ಮಿಲಿಲೀಟರ್; ತೂಕ 55 ಕಿಲೋ ದಾಟಿದ್ದರೆ 450 ತೆಗೆಯಬಹುದು. ಅದರ ದ್ರವಾಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪುಕಣಗಳಿಗೆ ಕೆಲವು ವಾರ ಬೇಕು. ನಿಮ್ಮ ವಾದದಲ್ಲಿ ಸತ್ಯದ ಒಂದು ಎಳೆ ಇದೆ, ಅದನ್ನು ನಿಯಮವೇ ಒಪ್ಪಿದೆ: ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವನಿಂದ ತೆಗೆಯುವಂತಿಲ್ಲ; ಮೈಮುರಿದು ದುಡಿಯುವವನು, ದೂರದ ಗಾಡಿ ಓಡಿಸುವವನು ಕೊಟ್ಟ ಮೇಲೆ ಇಪ್ಪತ್ತನಾಲ್ಕು ಗಂಟೆ ಕೆಲಸಕ್ಕೆ ಇಳಿಯುವಂತಿಲ್ಲ. ಆದ್ದರಿಂದ ಹುಡುಗರಿಗೆ ಶಿಬಿರ ಬೇಡ ಅನ್ನುವ ಬದಲು ಒಂದು ದಿನದ ರಜೆ ಕೊಡಿ. ಸಂಬಳ ಹಿಡಿಯದ ರಜೆ.

ಇನ್ನು ಗಟ್ಟಿ ವಾದಕ್ಕೆ ಬರೋಣ. ಪೊವಾಯಿಯ ಹುಡುಗನೊಬ್ಬ ಹೇಳಿದ: “ಚೀಲಗಟ್ಟಲೆ ರಕ್ತ ಚರಂಡಿಗೆ ಹೋಗುತ್ತದೆ. ನೀವು ಯಾಕೆ ಇನ್ನಷ್ಟು ತುಂಬಿಸುತ್ತೀರಿ?” ಅವನು ಸುಳ್ಳು ಹೇಳಲಿಲ್ಲ. ಮುಂಬೈಯ ಚೇತನ್ ಕೊಠಾರಿ ಮಾಹಿತಿ ಹಕ್ಕಿನಡಿ ಪಡೆದ ಉತ್ತರ 2017ರಲ್ಲಿ ಪತ್ರಿಕೆಗಳಲ್ಲಿ ಬಂತು: ಐದು ವರ್ಷಗಳಲ್ಲಿ ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು ಯೂನಿಟ್ ರಕ್ತ ಮತ್ತು ಅದರ ಘಟಕಗಳು ವ್ಯರ್ಥ. ನಮ್ಮ ಮಹಾರಾಷ್ಟ್ರ ಆ ಪಟ್ಟಿಯಲ್ಲಿ ಮುಂದಿತ್ತು. ಅದರಲ್ಲಿ ಸೋಂಕು ಕಂಡು ಎಸೆದದ್ದೂ ಸೇರಿತ್ತು, ಅದನ್ನು ಎಸೆಯಲೇಬೇಕು. ಆದರೆ ಉಳಿದದ್ದಕ್ಕೆ ನಾಚಿಕೆಪಡಬೇಕಾದವರು ನಾವು, ಶಿಬಿರ ನಡೆಸುವವರು.

ಲೆಕ್ಕ ಸರಳ. ಕೆಂಪುಕಣ ಶೈತ್ಯದಲ್ಲಿ 42 ದಿನ ಬಾಳುತ್ತದೆ, ಅದೂ ಸರಿಯಾದ ದ್ರಾವಣ ಬೆರೆಸಿದರೆ. ಪ್ಲೇಟ್‌ಲೆಟ್ ಬಾಳುವುದು ಐದೇ ದಿನ. ನಾಯಕರೊಬ್ಬರ ಹುಟ್ಟುಹಬ್ಬಕ್ಕೆ ಒಂದೇ ದಿನ ಸಾವಿರ ಚೀಲ ತುಂಬಿಸಿ ದಾಖಲೆ ಮಾಡಿದರೆ ಆರನೇ ದಿನ ಏನಾಗಬೇಕು? ಆಗುವುದೂ ಅದೇ. ದಾಖಲೆಯ ಜೊತೆಗೆ ಉಡುಗೊರೆಯ ಆಮಿಷವೂ ಇದೆ. 2020ರ ಡಿಸೆಂಬರ್‌ನಲ್ಲಿ ಕೋವಿಡ್ಡಿನಿಂದ ರಕ್ತನಿಧಿಗಳು ಬರಿದಾದಾಗ ದಾದರ್-ಪ್ರಭಾದೇವಿ ಕಡೆಯ ನಗರಸೇವಕರೊಬ್ಬರು ಕೊಟ್ಟವರಿಗೆಲ್ಲ ಒಂದೊಂದು ಕಿಲೋ ಕೋಳಿ, ಸಸ್ಯಾಹಾರಿಗಳಿಗೆ ಪನೀರ್ ಎಂದು ಸಾರಿದ್ದು ನಿಮಗೆ ನೆನಪಿರಬಹುದು. ನಗುವುದು ಸುಲಭ, ಆ ವಾರ ರಕ್ತ ನಿಜಕ್ಕೂ ಬೇಕಿತ್ತು. ಆದರೆ ಉಡುಗೊರೆಗಾಗಿ ಬಂದವನು ತನ್ನ ಕಾಯಿಲೆ ಮುಚ್ಚಿಡುತ್ತಾನೆ ಎಂಬ ಭಯ ಹಳೆಯದು, ಕಾರಣವಿರುವುದು. ನಮ್ಮ ಸಂಘವೂ ಸ್ಟೀಲ್ ಡಬ್ಬಿ ಹಂಚಿದ್ದುಂಟು. ಈ ಸಲ ಬೇಡ. ಹುಡುಗನ ವಾದ ಶಿಬಿರ ಬೇಡ ಎಂದು ಹೇಳುವುದಿಲ್ಲ. ಯಾವಾಗ, ಎಷ್ಟು, ಯಾರನ್ನು ಕೇಳಿ ಎಂದು ಹೇಳುತ್ತದೆ. ಅದಕ್ಕೇ ರಕ್ತನಿಧಿಯವರನ್ನು ಮೊದಲು ಕೇಳಿ, ಅವರು ಹೇಳಿದಷ್ಟೇ ಹೆಸರು ಬರೆದುಕೊಳ್ಳುತ್ತೇವೆ. ಮಿಕ್ಕವರು ಮೇಯಲ್ಲಿ, ಜೂನ್‌ನಲ್ಲಿ, ಮಳೆಗಾಲದಲ್ಲಿ ಒಬ್ಬೊಬ್ಬರಾಗಿ ಹೋಗಲಿ. ಪ್ಲೇಟ್‌ಲೆಟ್ ಮಾತ್ರ ಕೊಡಬಲ್ಲವರು ಪರೇಲ್‌ನ ಟಾಟಾ ಮೆಮೋರಿಯಲ್‌ಗೆ ಹೋಗಲಿ. ಅಲ್ಲಿ ಯಂತ್ರ ನಿಮ್ಮ ರಕ್ತದಿಂದ ಪ್ಲೇಟ್‌ಲೆಟ್ ಮಾತ್ರ ಸೋಸಿ ಉಳಿದದ್ದನ್ನು ನಿಮಗೇ ಮರಳಿಸುತ್ತದೆ. ಸಮಯ ಹಿಡಿಯುತ್ತದೆ, ಆದರೆ ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕಿಲ್ಲ. ಆ ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತವರಲ್ಲಿ ಕನ್ನಡ ಮಾತಾಡುವವರೂ ಸಿಗುತ್ತಾರೆ. ಅವರ ಪರವಾಗಿ ರಕ್ತ ಕೊಡಲು ಈ ಊರಿನಲ್ಲಿ ಅವರಿಗೆ ಯಾರೂ ಇಲ್ಲ.

ಅಲ್ಲಿಂದ ಇನ್ನೊಂದು ವಾದಕ್ಕೆ ದಾರಿ ನೆಟ್ಟಗಿದೆ: “ನಮ್ಮವರಿಗೆ ಬೇಕಾದಾಗ ಓಡಿ ಹೋಗಿ ಕೊಡುತ್ತೇವೆ. ಯಾರಿಗೋ ಯಾಕೆ?” ಕೇಳಲು ಇದು ಪ್ರೀತಿಯ ಮಾತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ರಾತ್ರಿ ಹನ್ನೊಂದಕ್ಕೆ ‘ಅರ್ಜೆಂಟ್, ಬಿ ಪಾಸಿಟಿವ್’ ಎಂದು ಬರುವ ಸಂದೇಶಗಳ ಹಿಂದೆ ಈ ನಂಬಿಕೆಯೇ ಇದೆ. ಆದರೆ ಓಡಿ ಹೋಗಿ ಕೊಟ್ಟ ನಿಮ್ಮ ಚೀಲ ಅಂದಿನ ಅಂದೇ ನಿಮ್ಮವರಿಗೆ ಏರುವುದು ಅಪರೂಪ. ಐದು ಪರೀಕ್ಷೆ ಮುಗಿಯಬೇಕಲ್ಲ! ಆ ರಾತ್ರಿ ನಿಮ್ಮ ಭಾವನ ಜೀವ ಉಳಿಸುವುದು ವಾರದ ಹಿಂದೆ ಯಾರೋ, ಯಾವ ಭಾಷೆಯವನೋ, ಬೋರಿವಲಿಯಲ್ಲೋ ಚೆಂಬೂರಿನಲ್ಲೋ ಕೊಟ್ಟು ಹೋದ ರಕ್ತ. ‘ಯಾರಿಗೋ’ ಕೊಡದಿದ್ದರೆ ‘ನಮ್ಮವರಿಗೆ’ ಇರುವುದೇ ಇಲ್ಲ.

ಇನ್ನೂ ಒಂದು ಸಂಗತಿ, ವೈದ್ಯರು ಬಲ್ಲದ್ದು, ನಾವು ಬಲ್ಲದ್ದು ಕಡಿಮೆ. ತಂದೆ, ಮಗ, ಒಡಹುಟ್ಟಿದವರ ರಕ್ತ ಅತಿ ಶ್ರೇಷ್ಠ ಎಂದು ತಿಳಿದಿದ್ದೇವೆ. ಅದು ತಲೆಕೆಳಗು. ಹತ್ತಿರದ ಬಂಧುವಿನ ಬಿಳಿಕಣಗಳನ್ನು ರೋಗಿಯ ದೇಹ ಕೆಲವೊಮ್ಮೆ ಪರಕೀಯವೆಂದು ಗುರುತಿಸುವುದೇ ಇಲ್ಲ; ಒಳಗೆ ನೆಲೆ ನಿಂತ ಅವು ರೋಗಿಯ ಮೇಲೆಯೇ ತಿರುಗಿಬೀಳುತ್ತವೆ. ಇದು ವಿರಳ, ಆದರೆ ಬಂದರೆ ಬದುಕುವುದು ಕಷ್ಟ. ಅದಕ್ಕೇ ಬಂಧುಗಳ ರಕ್ತವನ್ನು ವಿಕಿರಣಕ್ಕೆ ಒಡ್ಡಿಯೇ ಕೊಡಬೇಕೆಂಬ ಪದ್ಧತಿ ಇದೆ. ಅಪರಿಚಿತನ ರಕ್ತದಲ್ಲಿ ಈ ಅಪಾಯ ತೀರ ಕಡಿಮೆ.

‘ನಮ್ಮವರು’ ಎಂಬುದರ ಗಡಿಯನ್ನು ರಕ್ತ ಎಷ್ಟು ಲೆಕ್ಕಿಸುತ್ತದೆ ಎಂಬುದಕ್ಕೆ ಈ ಊರಿನದೇ ಒಂದು ಕಥೆ ಇದೆ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇಲ್ಲಿ ಹೊಸದೊಂದು ರಕ್ತದ ಗುಂಪನ್ನು ಕಂಡು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಸಾಮಾನ್ಯ ಪರೀಕ್ಷೆಗೆ ಅದು ಓ ಗುಂಪಿನಂತೆ ಕಾಣುತ್ತದೆ. ಆದರೆ ಓ ಗುಂಪಿನಲ್ಲೂ ಇರುವ ಎಚ್ ಎಂಬ ಅಂಶ ಇದರಲ್ಲಿಲ್ಲ. ಹಾಗಾಗಿ ಎಲ್ಲರಿಗೂ ಒಗ್ಗುತ್ತದೆಂದು ನಾವು ಹೊಗಳುವ ಓ ರಕ್ತ ಕೂಡ ಇವರಿಗೆ ವಿಷ. ತಮ್ಮದೇ ಗುಂಪಿನವರ ರಕ್ತವೊಂದೇ ಗತಿ. ಲೋಕವೆಲ್ಲ ಅದನ್ನು ‘ಬಾಂಬೆ ಗುಂಪು’ ಎಂದು ಕರೆಯುತ್ತದೆ. ಊರಿನ ಹೆಸರು ಬದಲಾದರೂ ಗುಂಪಿನದು ಬದಲಾಗಲಿಲ್ಲ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಈ ಗುಂಪಿನವರು, ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಇದ್ದಾರೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಅಂಥವರ ಪಟ್ಟಿ ಇಟ್ಟುಕೊಂಡಿದೆ. 2017ರಲ್ಲಿ ಮ್ಯಾನ್ಮಾರಿನ ರೋಗಿಯೊಬ್ಬರಿಗೆ ಈ ಗುಂಪಿನ ರಕ್ತ ಹೋದದ್ದು ಕರ್ನಾಟಕದಿಂದ. ಮಹಾರಾಷ್ಟ್ರ-ಕರ್ನಾಟಕ ಗಡಿ ತಂಟೆ ಮಾಡುವವರು ಈ ಗುಂಪಿನವರಾಗಿ ಒಮ್ಮೆ ಆಸ್ಪತ್ರೆ ಸೇರಿದರೆ ಯಾವ ಕಡೆಯ ಚೀಲ ಬೇಡ ಅನ್ನುತ್ತಾರೋ ನೋಡಬೇಕು.

ರೋಗ ಅಂಟುತ್ತದೆ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಚೀಲ, ನಳಿಕೆ, ಸೂಜಿ ಮೂರೂ ಒಟ್ಟಿಗೆ ಮೊಹರಾಗಿ ಬರುತ್ತವೆ, ಒಬ್ಬರಿಗೆ ಬಳಸಿ ಮುಗಿಸುತ್ತಾರೆ. ನಿಮ್ಮಿಂದ ಹೊರಗೆ ಹರಿಯುತ್ತದೆಯೇ ಹೊರತು ನಿಮ್ಮೊಳಗೆ ಏನನ್ನೂ ಹಾಕುವುದಿಲ್ಲ. ಮೊಹರು ಒಡೆಯುವುದನ್ನು ತೋರಿಸಿ ಎಂದು ಕೇಳಿ, ತೋರಿಸುತ್ತಾರೆ.

ಈಗ ಚಹಾದ ಹೊತ್ತಿನ ಮಾತು. ಇಲ್ಲಿ ನಾನು ಮೊದಲು ಜಗಳವಾಡಬೇಕಾದ್ದು ನಮ್ಮ ಕಡೆಯವರೊಂದಿಗೇ. “ಏನಿಲ್ಲ ರೀ, ಇರುವೆ ಕಚ್ಚಿದ ಹಾಗೆ” ಎಂದು ಮೈಕಿನಲ್ಲಿ ಹೇಳುವವರೊಂದಿಗೆ. ಇರುವೆ ಕಚ್ಚಿದ ಹಾಗಿರುವುದಿಲ್ಲ. ರಕ್ತದಾನದ ಸೂಜಿ ಸಾಮಾನ್ಯ ಇಂಜೆಕ್ಷನ್ನಿನದಕ್ಕಿಂತ ದಪ್ಪ, ಹದಿನಾರರ ಗೇಜಿನದು. ತೆಳ್ಳಗಿದ್ದರೆ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟುತ್ತದೆ, ಕಣಗಳು ಒಡೆಯುತ್ತವೆ. ಒಳಹೋಗುವಾಗ ಎರಡು ಮೂರು ಕ್ಷಣ ಚುರುಕ್ಕೆನ್ನುತ್ತದೆ. ಆಮೇಲೆ ಐದರಿಂದ ಹತ್ತು ನಿಮಿಷ ಒಂದು ಭಾರವಷ್ಟೇ. ಇಷ್ಟನ್ನು ಇದ್ದ ಹಾಗೆ ಹೇಳಿದರೆ ಹೆದರುವವನು ನಂಬುತ್ತಾನೆ. ಇರುವೆಯ ಕಥೆ ಹೇಳಿದರೆ ಮುಂದಿನ ಎಲ್ಲ ಮಾತನ್ನೂ ಅನುಮಾನಿಸುತ್ತಾನೆ.

“ಗಂಡಸಾಗಿ ಸೂಜಿಗೆ ಹೆದರುತ್ತೀಯಾ?” ಎನ್ನುವವರಿಗೂ ಒಂದು ಮಾತು. ಇದು ಧೈರ್ಯದ ಪ್ರಶ್ನೆಯಲ್ಲ, ನರಮಂಡಲದ್ದು. ಹಾವು ಕಂಡವನ ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಅವನು ಓಡುತ್ತಾನೆ, ಮೂರ್ಛೆ ಹೋಗುವುದಿಲ್ಲ. ಸೂಜಿ, ರಕ್ತ, ಗಾಯಕ್ಕೆ ಹೆದರುವವರಲ್ಲಿ ಒತ್ತಡ ಮೊದಲು ಏರಿ, ಆಮೇಲೆ ಥಟ್ಟನೆ ಕುಸಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ, ಮನುಷ್ಯ ಬೀಳುತ್ತಾನೆ. ಇದು ಮನೆತನಗಳಲ್ಲಿ ಹರಿದು ಬರುವುದೂ ಉಂಟು. ಹಾಗಿರುವಾಗ ಅಂಥವರಿಗೆ ನಾವು ಕೊಡುವ ಉಪದೇಶ ಏನು? ‘ಮೈ ಸಡಿಲ ಬಿಡು, ಉಸಿರು ಎಳೆ, ಆರಾಮಾಗಿರು.’ ಕುಸಿಯುತ್ತಿರುವ ಒತ್ತಡವನ್ನು ಇನ್ನಷ್ಟು ಕುಸಿಯಲು ಬಿಡುವ ಉಪದೇಶ!

ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ಇದಕ್ಕೆ ತದ್ವಿರುದ್ಧವಾದ ಉಪಾಯ ಕಲಿಸಿದರು. ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿ ಹಿಡಿಯಬೇಕು, ಹತ್ತು ಹದಿನೈದು ಸೆಕೆಂಡು, ಮುಖ ಬಿಸಿಯಾಗುವವರೆಗೆ. ಆಮೇಲೆ ಬಿಡಬೇಕು, ಪೂರ್ತಿ ಸಡಿಲವಲ್ಲ, ಮಾಮೂಲು ಸ್ಥಿತಿಗೆ. ಅರ್ಧ ನಿಮಿಷ ಬಿಟ್ಟು ಮತ್ತೆ ಬಿಗಿ. ಹೀಗೆ ಐದು ಸಲ. ಮನೆಯಲ್ಲಿ ಕೆಲವು ದಿನ ರೂಢಿ ಮಾಡಿಕೊಂಡು ಸೂಜಿಯ ಎದುರು ಅದನ್ನೇ ಮಾಡಿದರೆ ಒತ್ತಡ ಕುಸಿಯದೆ ನಿಲ್ಲುತ್ತದೆ. ಸೂಜಿ ಚುಚ್ಚುವ ತೋಳನ್ನು ಮಾತ್ರ ಬಿಗಿಯಬೇಡಿ, ಕಾಲು ಹೊಟ್ಟೆ ಸಾಕು. ದುಡ್ಡಿಲ್ಲ, ಔಷಧಿಯಿಲ್ಲ, ಲೋಕಲ್‌ನ ಸೀಟಿನಲ್ಲಿ ಕೂತೇ ಅಭ್ಯಾಸ ಮಾಡಬಹುದು. ಪಕ್ಕದವರು ಸ್ವಲ್ಪ ಸರಿದು ಕೂತರೆ ಲಾಭ ನಿಮ್ಮದೇ.

ಇದರ ಜೊತೆಗೆ ಎರಡು. ಚುಚ್ಚುವ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ. ತಲೆಸುತ್ತು ಕಡಿಮೆಯಾಗುತ್ತದೆ ಎಂಬುದು ಪರೀಕ್ಷಿಸಿ ಕಂಡ ಮಾತು. ಮತ್ತು ಊಟ. ನಮ್ಮಲ್ಲಿ ಸಂಕಷ್ಟಿಯ ಉಪವಾಸ, ಶನಿವಾರದ ಒಪ್ಪೊತ್ತು ಇದ್ದವರು ಹೊಟ್ಟೆಯಲ್ಲಿ ಏನೂ ಇಲ್ಲದೆ ಮಂಚ ಹತ್ತಿ, ತಲೆಸುತ್ತಿದರೆ ತಪ್ಪನ್ನು ಸೂಜಿಯ ತಲೆಗೆ ಕಟ್ಟುತ್ತಾರೆ. ಉಪವಾಸವಿದ್ದವರಿಂದ ತೆಗೆಯಬಾರದೆಂದೇ ನಿಯಮ. ನವರಾತ್ರಿಯ ಮಂಟಪದಲ್ಲಿ ಶಿಬಿರ ಇಡುವವರು ಇದನ್ನು ಓದಿದ್ದಾರೆಯೇ ಎಂದು ನನಗೆ ಪ್ರತಿವರ್ಷ ಅನುಮಾನ.

ಮುಂಬೈಯವರಿಗಷ್ಟೇ ಹೇಳಬೇಕಾದ್ದು ಒಂದಿದೆ. ತಲೆಸುತ್ತು ಮಂಚದ ಮೇಲೇ ಬರಬೇಕೆಂದಿಲ್ಲ, ಎದ್ದು ಹೋದ ಮೇಲೂ ಬರಬಹುದು. ಬಿಸ್ಕತ್ತು ತಿಂದು ಹದಿನೈದು ಇಪ್ಪತ್ತು ನಿಮಿಷ ಕೂತುಕೊಳ್ಳಿ ಎನ್ನುವುದು ಉಪಚಾರದ ಮಾತಲ್ಲ. ಆಮೇಲೂ ಅಂದು ವಿರಾರ್ ಫಾಸ್ಟ್‌ನ ಬಾಗಿಲಲ್ಲಿ ನೇತಾಡಿಕೊಂಡು ಹೋಗಬೇಡಿ. ಸ್ಲೋ ಹಿಡಿಯಿರಿ, ಕೂತು ಹೋಗಿ. ಭಾನುವಾರವನ್ನು ಆರಿಸಿದ್ದಕ್ಕೆ ಇದೂ ಒಂದು ಕಾರಣ.

ಇಷ್ಟಾದರೂ ಆಗದವರು ಇರುತ್ತಾರೆ. ಸೂಜಿಯ ಚಿತ್ರ ಕಂಡರೂ ಬೆವರುವವರು, ಸ್ವಂತ ಪರೀಕ್ಷೆಗೂ ರಕ್ತ ಕೊಡದೆ ವರ್ಷ ತಳ್ಳಿದವರು. ಅವರು ಈ ಸಲ ಕೊಡಬೇಕಾಗಿಯೇ ಇಲ್ಲ. ಶಿಬಿರದ ಬಾಗಿಲ ಬಳಿ ನಾಲ್ಕು ಕುರ್ಚಿ ಹಾಕಿಸುತ್ತೇವೆ. ಬಂದು ಕೂತು ನೋಡಿ, ಸಾಕೆನಿಸಿದಾಗ ಎದ್ದು ಹೋಗಿ. ಇನ್ನೊಂದು ಸಲ ಸ್ವಲ್ಪ ಹತ್ತಿರ ಕೂರಬಹುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗುವುದೇ ವೈದ್ಯರೂ ಬಳಸುವ ದಾರಿ. ಭಯ ತೀರ ಹೆಚ್ಚಿದ್ದರೆ ಮನೋವೈದ್ಯರನ್ನು ಕಾಣಿ, ಶಿಬಿರಕ್ಕಾಗಿ ಅಲ್ಲ, ನಾಳೆ ನಿಮಗೇ ಸಲೈನ್ ಏರಿಸಬೇಕಾದಾಗಿನ ಸಲುವಾಗಿ. ಕೇಳಿಕೊಳ್ಳುವುದು ಇಷ್ಟೇ: ಭಯವಿದ್ದರೆ ಭಯ ಎನ್ನಿ, ಅದನ್ನು ಆರ್ಥಿಕ ನೀತಿಯನ್ನಾಗಿಯೋ ಸಮಾಜವಿಮರ್ಶೆಯನ್ನಾಗಿಯೋ ಮಾಡಿ ಸಭೆಗೆ ತರಬೇಡಿ. ಹಾಗೆ ತಂದದ್ದನ್ನು ಕೇಳಿ ಪಕ್ಕದಲ್ಲಿ ಕೂತ, ಹೆದರಿಕೆಯೇ ಇಲ್ಲದ ನಾಲ್ವರೂ ಮನೆಗೆ ಹೋಗುತ್ತಾರೆ.

ಬಂದೂ ಕೊಡಲಾಗದೆ ಹೋಗುವವರ ಬಗ್ಗೆ ಒಂದು ಸಾಲು, ಯಾಕೆಂದರೆ ಅವರಲ್ಲಿ ಹೆಚ್ಚಿನವರು ಹೆಂಗಸರು. ಹಿಮೋಗ್ಲೋಬಿನ್ 12.5 ಇರಲೇಬೇಕು. ಬೆರಳು ಚುಚ್ಚಿ ನೋಡಿ ‘ಕಡಿಮೆ ಇದೆ’ ಎಂದು ಕಳಿಸಿದರೆ ಅವಮಾನವಲ್ಲ, ಅದು ನಿಮಗೆ ಪುಕ್ಕಟೆ ಸಿಕ್ಕ ವೈದ್ಯಕೀಯ ಸುದ್ದಿ. ಮರುದಿನ ಡಾಕ್ಟರರ ಬಳಿ ಹೋಗಿ. ಸಕ್ಕರೆ ಕಾಯಿಲೆಗೆ ಬರೀ ಮಾತ್ರೆ ನುಂಗುವವರು, ಮಾತ್ರೆಯಲ್ಲಿ ಬಿಪಿ ಹತೋಟಿಯಲ್ಲಿರುವವರು ‘ನಮ್ಮದು ನಡೆಯುವುದಿಲ್ಲ’ ಎಂದು ತಾವೇ ತೀರ್ಮಾನಿಸಬೇಡಿ. ಹಲವು ಸಲ ನಡೆಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರದು ಮಾತ್ರ ನಡೆಯುವುದಿಲ್ಲ. ಮಲೇರಿಯಾ ಬಂದು ಹೋಗಿದ್ದರೆ ಗುಣವಾಗಿ ಮೂರು ತಿಂಗಳು ಕಳೆದಿರಬೇಕು.

ಉಳಿದದ್ದು ದಿನಾಂಕದ ತಕರಾರು. ಅದೇ ಭಾನುವಾರ ಸಂಜೆ ಯಕ್ಷಗಾನವಿದೆ, ಎರಡನ್ನೂ ಹೇಗೆ ಮಾಡುವುದು ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಬೆಳಗ್ಗೆ ತಿಂಡಿ ತಿಂದು ಬಂದು ರಕ್ತ ಕೊಟ್ಟವರು ಸಂಜೆ ಧಾರಾಳವಾಗಿ ಕೂತು ಆಟ ನೋಡಬಹುದು. ಕಟ್ಟುನಿಟ್ಟು ಇರುವುದು ವೇಷ ಕಟ್ಟಿ ಕುಣಿಯುವವರಿಗೆ ಮತ್ತು ಚೆಂಡೆಯವರಿಗೆ: ಇಪ್ಪತ್ತನಾಲ್ಕು ಗಂಟೆಯ ನಿಯಮ ಅವರಿಗೂ ಅನ್ವಯ. ಅವರ ಹೆಸರನ್ನು ಮುಂದಿನ ವಾರಕ್ಕೆ ಬರೆದುಕೊಂಡಿದ್ದೇವೆ. ಮಹಿಷಾಸುರನ ಪಾತ್ರಧಾರಿ ತನಗೆ ಬಾಗಿಲ ಬಳಿಯ ಕುರ್ಚಿ ಬೇಕೆಂದು ಈಗಲೇ ಹೇಳಿಟ್ಟಿದ್ದಾರೆ.